ಅಲ್ಲಾಡಿದ ಮೆಟ್ಟಿಲು

ಬಸ್ಸಿನಿಂದ ಇಳಿದದ್ದೇ ತಡ, ಗಂಡ ಬೆಟ್ಟದ ಕಡೆ ಕೈ ಚಾಚಿ, "ಅಗೋ, ಆ ಬೂದು ಗೆರೆ ಕಾಣ್ತಿದೆಯಲ್ಲ, ಅದೇ ನೋಡಿ," ಎಂದ.

ಅವಳು ನೋಡಿದಳು. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಮಕ್ಕಳಿಬ್ಬರೂ ನೋಡಿದರು. ಎದುರಿಗೆ ಉದ್ದಕ್ಕೆ ಕಾಲು ಚಾಚಿ ಮಲಗಿದ ಸರೋವರ, ಅದರ ಬೆನ್ನಿಗೆ ಹುಲ್ಲು ಹೊದ್ದ ಬೆಟ್ಟ, ಬೆಟ್ಟದ ಎದೆಯ ಮೇಲೆ ಎಲ್ಲೋ ಕಡಿದು ಬಿದ್ದ ನೂಲಿನೆಳೆಯಂಥದ್ದೊಂದು.

"ಯಾವುದಪ್ಪಾ? ಆ ಕುರಿ ನಿಂತಿದೆಯಲ್ಲ, ಅದಾ?" ಎಂದಳು ಚಿಕ್ಕ ಮಗಳು.

"ಕುರಿ ಅಲ್ಲ, ಅದರ ಪಕ್ಕ."

"ಪಕ್ಕದಲ್ಲಿ ಇನ್ನೊಂದು ಕುರಿ ಇದೆ."

"ಕುರಿಗಳನ್ನ ಬಿಡೇ. ಇನ್ನರ್ಧ ಗಂಟೇಲಿ ಅದರ ಮೇಲೇ ನಿಂತಿರ್ತೀಯ."

"ಕುರಿ ಮೇಲಾ?"

ಎಂಟು ವರ್ಷದ ಈ ಮಗಳಿಗೆ ಮನೆಯಲ್ಲಿಟ್ಟ ಅಡ್ಡಹೆಸರು ಪಟಪಟಿ. ಬಾಯಿಗೆ ಬೀಗವಿಲ್ಲದ ಹುಡುಗಿ. ಹದಿನೈದರ ದೊಡ್ಡವಳು ಇದಕ್ಕೆ ತದ್ವಿರುದ್ಧ. ಮಾತನ್ನು ಅಳೆದು ಸುರಿದು ಆಡುವವಳು, ಅದೂ ಮೂಗಿನ ತುದಿಯಲ್ಲಿ. ಇವತ್ತು ಅವಳು ಬಂದದ್ದು ಅಪ್ಪನ ಮೆಟ್ಟಿಲು ನೋಡಲಿಕ್ಕಲ್ಲ, ಬೋಟಿಗಾಗಿ. ಬೆಟ್ಟ ಹತ್ತಿ ಆಚೆ ಬದಿಗೆ ಇಳಿದರೆ ಸರೋವರದ ಇನ್ನೊಂದು ದಡ. ಅಲ್ಲಿಂದ ಮೂರು ಗಂಟೆಗೆ ಕೊನೆಯ ಬೋಟು. ಅದು ನೀರಿನ ಮೇಲೆ ಮುಕ್ಕಾಲು ಗಂಟೆ ತೇಲಿಸಿಕೊಂಡು ಬಂದು ಮತ್ತೆ ಇದೇ ಬಸ್‌ ನಿಲ್ದಾಣದ ಎದುರಿಗೆ ಇಳಿಸುತ್ತದೆ. ಬೋಟಿನ ಮಾತು ಕೊಟ್ಟ ಮೇಲೆಯೇ ದೊಡ್ಡವಳು ಬೂಟಿನ ದಾರ ಕಟ್ಟಿದ್ದು.

ಗಂಡ ಕಲ್ಲುಕೆಲಸದವನು. ಈ ಬೆಟ್ಟದ ಹಳೆಯ ಕಾಲುದಾರಿ ಮಳೆಗೆ ಕೊಚ್ಚಿಹೋಗಿ, ಹತ್ತಿದವರೆಲ್ಲ ಜಾರಿ ಬೀಳುವಂತಾದಾಗ, ಅದಕ್ಕೆ ಕಲ್ಲಿನ ಮೆಟ್ಟಿಲು ಹಾಕಲು ಹೋದ ವರ್ಷ ಆರು ಜನರ ತಂಡ ಬಂದಿತ್ತು. ಅದರಲ್ಲಿ ಅವನೂ ಒಬ್ಬ. ಐದು ತಿಂಗಳು ಡೇರೆಯಲ್ಲಿ ಮಲಗಿ ಮುನ್ನೂರ ಹನ್ನೆರಡು ಮೆಟ್ಟಿಲು ಕೂರಿಸಿದ್ದರು. ಎರಡು ವಾರಕ್ಕೊಮ್ಮೆ ಮನೆಗೆ ಬಂದಾಗ ತಟ್ಟೆಯ ಮುಂದೆ ಕೂತು ಕಲ್ಲಿನ ಪುರಾಣವೇ. "ನಿನ್ನೆ ಒಂದು ಕಲ್ಲು ಸಿಕ್ತು ನೋಡು, ಎಮ್ಮೆ ಬೆನ್ನಿನ ಹಾಗಿತ್ತು. ನಾಲ್ಕು ಜನ ಅರ್ಧ ದಿನ ಹೊರಳಿಸಿದ್ವಿ," ಎನ್ನುತ್ತಿದ್ದ. ಅವಳು "ಹೂಂ" ಎನ್ನುತ್ತ ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದಳು. ಕಲ್ಲಿನಲ್ಲಿ ಎಮ್ಮೆ ಕಾಣುವ ಕಣ್ಣು ಅವಳಿಗಿರಲಿಲ್ಲ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳದು ಕಾಲರ್ ಮೇಜು. ನಲವತ್ತು ಮಷೀನುಗಳ ಗಡಗಡದ ನಡುವೆ, ಟ್ಯೂಬ್‌ಲೈಟಿನ ಕೆಳಗೆ, ದಿನವಿಡೀ ಕಾಲರುಗಳ ಮೂಲೆ ತಿರುವಿ ಹೊಲಿಗೆ ಹಾಕಿ ಸಂಜೆ ಎದ್ದರೆ ಕತ್ತು ಅವಳ ಮಾತು ಕೇಳುತ್ತಿರಲಿಲ್ಲ. ವಾರಕ್ಕೊಂದು ರಜೆ, ಆ ರಜೆಗೊಂದು ಒಗೆಯುವ ಬಟ್ಟೆಯ ಗಂಟು. "ಒಂದು ದಿನ ಬಂದು ನೋಡ್ಬಾರ್ದಾ?" ಎಂದು ಗಂಡ ವರ್ಷದಿಂದ ಕೇಳುತ್ತಲೇ ಇದ್ದ. ಕೊನೆಗೆ ಈ ಭಾನುವಾರ ಬಟ್ಟೆಯ ಗಂಟನ್ನು ಮೂಲೆಗೆ ಒದ್ದು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ ಕಟ್ಟಿಕೊಂಡು ಹೊರಟಿದ್ದಳು.

ಬೆಟ್ಟ ದೂರಕ್ಕೆ ನುಣ್ಣಗೆ ಎನ್ನುವ ಗಾದೆ ಮಾಡಿದವರು ಈ ಬೆಟ್ಟ ಹತ್ತಿಯೇ ಮಾಡಿರಬೇಕು. ಐವತ್ತು ಮೆಟ್ಟಿಲಿಗೆಲ್ಲ ಅವಳಿಗೆ ಏದುಸಿರು ಬಂತು. ಆದರೆ ನಿಂತು ಸುಧಾರಿಸಿಕೊಳ್ಳಲು ತಾಪತ್ರಯವಿರಲಿಲ್ಲ. ಗಂಡನೇ ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲಿಸುತ್ತಿದ್ದ.

"ಇದು ನಮ್ಮ ಎಡಚ ಕೂರಿಸಿದ್ದು. ಅವನ ಕಲ್ಲು ಯಾವಾಗಲೂ ಎಡಕ್ಕೆ ಒಂದು ಎಳೆ ಜಾಸ್ತಿ. ಇದು ನಂದು. ಇದೂ ನಂದು. ಈ ಕಲ್ಲು ಇಷ್ಟೇ ಅಂದ್ಕೋಬೇಡಿ, ಮೇಲೆ ಕಾಣೋದು ಒಂದು ಪಾಲು, ಮಣ್ಣೊಳಗೆ ಎರಡು ಪಾಲು. ದವಡೆ ಹಲ್ಲಿನ ಹಾಗೆ. ಮೇಲಿನ ಕಲ್ಲು ಕೆಳಗಿನದರ ಬೆನ್ನು ಕಚ್ಚಿರಬೇಕು. ಒಂದು ಚಮಚ ಸಿಮೆಂಟಿಲ್ಲ!"

ಅವನು ಒಂದೊಂದು ಕಲ್ಲಿನ ಮುಂದೆಯೂ ಬಾಗಿ ಕೈಯಾಡಿಸುತ್ತಿದ್ದ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತು, "ಅತ್ತೆ, ನನ್ನ ನೋಡೋಕೆ ಬಂದ ದಿನ ನನ್ನ ಮುಖಾನೂ ಇಷ್ಟು ಹೊತ್ತು ನೋಡಿರಲಿಲ್ಲ ನಿಮ್ಮ ಮಗ," ಎಂದಳು.

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದರು ಅತ್ತೆ. "ಅವನು ಹೆತ್ತಿದ್ದು ಅವನಿಗೆ ಮುದ್ದು."

ಅತ್ತೆಗೆ ಎಪ್ಪತ್ತಾಗಿತ್ತು. ಕೈಯಲ್ಲೊಂದು ಕೋಲಿತ್ತು, ಆದರೆ ಅದನ್ನು ಊರುವುದಕ್ಕಿಂತ ಕಲ್ಲುಗಳನ್ನು ಕುಟ್ಟಿ ನೋಡುವುದಕ್ಕೇ ಹೆಚ್ಚಾಗಿ ಬಳಸುತ್ತಿದ್ದರು. ಅವರ ಗಂಡನೂ ಕಲ್ಲುಕೆಲಸದವರೇ. ಪ್ರಾಯದಲ್ಲಿ ಅತ್ತೆ ಸ್ವತಃ ಕಲ್ಲುಗಣಿಯಲ್ಲಿ ಹನ್ನೊಂದು ವರ್ಷ ತಲೆಯ ಮೇಲೆ ಕಲ್ಲು ಹೊತ್ತವರು. ಮಗನ ಮೆಟ್ಟಿಲುಗಳ ಬಗ್ಗೆ ಈವರೆಗೂ ಒಳ್ಳೆಯದೆಂದೂ ಹೇಳಿರಲಿಲ್ಲ, ಕೆಟ್ಟದೆಂದೂ ಹೇಳಿರಲಿಲ್ಲ. ಟಕ್, ಟಕ್ ಎಂದು ಕುಟ್ಟುತ್ತ, ತಮ್ಮಷ್ಟಕ್ಕೆ ತಲೆಯಾಡಿಸುತ್ತ ಹತ್ತುತ್ತಿದ್ದರು. ಮಗ ಓರೆಗಣ್ಣಿನಲ್ಲಿ ಅವರನ್ನೇ ನೋಡುತ್ತಿದ್ದ. ಐದು ತಿಂಗಳ ದುಡಿಮೆಗೆ ಬೇರೆ ಯಾರ ಸೀಲು ಬಿದ್ದಿದ್ದರೇನು, ಈ ಕೋಲಿನ ಸೀಲು ಇನ್ನೂ ಬಿದ್ದಿರಲಿಲ್ಲ.

ಬೆಟ್ಟದ ನಡುವಿನಲ್ಲಿ ದಾರಿ ಒಂದು ದೊಡ್ಡ ಬಂಡೆಯನ್ನು ಬಳಸಿ ತಿರುಗುವ ಕಡೆ ನೆರಳಿತ್ತು. ಕೆಳಗೆ ಇಡೀ ಸರೋವರ ಕಾಣುತ್ತಿತ್ತು. ಗಾಳಿ ಬೀಸಿದ ಕಡೆಯೆಲ್ಲ ನೀರು ಬಣ್ಣ ಬದಲಿಸುತ್ತಿತ್ತು. ಇಲ್ಲೇ ಊಟ ಎಂದು ಅವಳು ಚೀಲ ಇಳಿಸಿದಳು. ಪಟಪಟಿ ಮೊದಲಿನಿಂದಲೂ ಎಣಿಸುತ್ತಲೇ ಬಂದಿದ್ದವಳು, "ಇನ್ನೂರ ಏಳು! ಅಜ್ಜಿ, ನೀನು ಇನ್ನೂರ ಏಳರ ಮೇಲೆ ಕೂತ್ಕೋ," ಎಂದಳು.

ಗಂಡ ಸರೋವರಕ್ಕೆ ಬೆನ್ನು ಮಾಡಿ, ಮೆಟ್ಟಿಲುಗಳಿಗೆ ಮುಖ ಮಾಡಿ ನಿಂತಿದ್ದ. "ಒಂದು ಮಳೆಗಾಲ ಕಳೀತು. ನೀವೇ ನೋಡಿದ್ರಲ್ಲ, ಒಂದಾದ್ರೂ ಮಿಸುಕಿದೆಯಾ? ನೂರು ವರ್ಷ ಹೀಗೇ ಇರ್ತವೆ, ಬರೆದಿಟ್ಕೊಳ್ಳಿ," ಎಂದ.

ಅತ್ತೆ ಇನ್ನೂರ ಏಳರ ಮೇಲೆ ಕೂತರು. ಕೂತಲ್ಲೇ ಒಮ್ಮೆ ಬಲಕ್ಕೆ ವಾಲಿದರು, ಒಮ್ಮೆ ಎಡಕ್ಕೆ ವಾಲಿದರು.

"ಇದು ಅಲ್ಲಾಡ್ತದಲ್ಲೋ," ಎಂದರು.

ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದ ಅವಳ ಕೈ ನಿಂತಿತು. ಗಂಡನ ಮುಖ ನೋಡಿದಳು. ಮುಖದ ಬಣ್ಣವೆಲ್ಲ ಸೋರಿಹೋಗಿತ್ತು.

"ಇಲ್ಲಮ್ಮ, ನೀನು ಕೂತಿದ್ದು ಸರಿಯಿಲ್ಲ."

"ನಾನು ಎಪ್ಪತ್ತು ವರ್ಷದಿಂದ ಕೂರ್ತಿದೀನಿ. ಕೂರೋದು ಹೇಗೆ ಅಂತ ಗೊತ್ತು ನನಗೆ."

ಅವನು ತಾಯಿಯನ್ನು ಎಬ್ಬಿಸಿ, ಕಲ್ಲಿನ ಮೂಲೆಯ ಮೇಲೆ ಹಿಮ್ಮಡಿ ಊರಿದ. ಕಲ್ಲು "ಡುಬ್" ಎಂದಿತು. ಇನ್ನೊಂದು ಮೂಲೆಗೆ ಊರಿದ. ಮತ್ತೆ ಡುಬ್. ಬೆರಳಗಲದಷ್ಟೂ ಇಲ್ಲ ಆ ಅಲುಗಾಟ, ಆದರೆ ಅದರ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಮಂಡಿಯೂರಿ ಕೂತು ಸಂದಿನೊಳಗೆ ಬೆರಳಿಟ್ಟ. ಬೆರಳು ಪೂರ್ತಿ ಒಳಗೆ ಹೋಯಿತು. ಎದ್ದು ನಾಲ್ಕು ಮೆಟ್ಟಿಲು ಮೇಲೆ ಹೋಗಿ ನೋಡಿದ. ನೀರು ದಾರಿ ದಾಟಿ ಪಕ್ಕಕ್ಕೆ ಹರಿಯಲೆಂದು ಮಾಡಿದ್ದ ಅಡ್ಡ ಕಾಲುವೆಯ ತುಂಬ ಜಲ್ಲಿ ಕೂತಿತ್ತು. ಹೋಗಲು ದಾರಿಯಿಲ್ಲದ ಮಳೆನೀರು ನೇರ ಇಳಿದು ಮೆಟ್ಟಿಲಿನ ಬೆನ್ನ ಹಿಂದೆ ನುಗ್ಗಿತ್ತು.

"ಸರಿ, ನೀರಿನ ಕೆಲಸ. ನಿಮ್ಮ ತಪ್ಪಲ್ಲ," ಎಂದಳು ಅವಳು. "ಬನ್ನಿ, ಊಟ ಮಾಡಿ."

"ನೀರಿನದಲ್ಲ. ಹಿಂದುಗಡೆ ಗಟ್ಟಿಯಾಗಿ ಕಲ್ಲಿನ ಚಕ್ಕೆ ತುಂಬಿದ್ರೆ ನೀರಿಗೆ ಜಾಗ ಎಲ್ಲಿರ್ತಿತ್ತು? ತುಂಬಿಲ್ಲ."

"ಎಡಚನ ಕಲ್ಲಾ?" ಎಂದಳು ಪಟಪಟಿ, ಅಪ್ಪನಿಗೊಂದು ದಾರಿ ತೋರಿಸುವಂತೆ.

ಅವನು ಇಳಿದು ಬಂದು ಕಲ್ಲಿನ ಮೇಲೆ ಕೈಯಿಟ್ಟ. "ನಂದೇ," ಎಂದ ಆಮೇಲೆ. "ಇದನ್ನ ಕೂರಿಸ್ತಿದ್ದಾಗ ಜೋರು ಮಳೆ ಬಂತು. ಹಿಂದಿನ ಚಕ್ಕೆ ನಾಳೆ ತುಂಬೋಣ ಅಂದ್ಕೊಂಡೆ. ಮಾರನೇ ದಿನ ಮೇಲಿನ ತುದಿಗೆ ಕಳಿಸಿದ್ರು. ಮರೆತೇಬಿಟ್ಟೆ."

ಅವಳಿಗೆ ಅವನ ಮೇಲೆ ಕನಿಕರವೂ ಬಂತು, ಅದಕ್ಕಿಂತ ಹೆಚ್ಚಾಗಿ ಭಯವೂ ಆಯಿತು. ಈ ಮನುಷ್ಯನ ಮುಖದಲ್ಲಿ ಆ ಗೆರೆ ಮೂಡಿತೆಂದರೆ ಏನರ್ಥವೆಂದು ಹದಿನೇಳು ವರ್ಷದ ಸಂಸಾರ ಅವಳಿಗೆ ಕಲಿಸಿತ್ತು.

"ನಾಳೆ ಕಚೇರಿಗೆ ಫೋನ್ ಮಾಡಿ ಹೇಳಿದ್ರಾಯ್ತು. ಯಾರನ್ನಾದ್ರೂ ಕಳಿಸ್ತಾರೆ," ಎಂದಳು ಬೇಗ ಬೇಗ.

"ಅವರು ಕಾಗದ ಬರೆದು, ಅದು ಮೇಜಿಂದ ಮೇಜಿಗೆ ಹೋಗಿ, ಜನ ಬರೋ ಹೊತ್ತಿಗೆ ಎರಡು ತಿಂಗಳು. ಅಷ್ಟರಲ್ಲಿ ಯಾರಾದ್ರೂ ಇಳಿಯುವಾಗ ಇದರ ಮೇಲೆ ಕಾಲಿಟ್ರೆ?"

ಎಲ್ಲರೂ ಮೆಟ್ಟಿಲಿನ ಹೊರಬದಿಗೆ ನೋಡಿದರು. ಅಲ್ಲಿ ಹುಲ್ಲು ಮುಗಿದು, ಕೆಳಗಿನ ತಿರುವಿನವರೆಗೂ ಬರೀ ಬಿಡಿಗಲ್ಲುಗಳ ಇಳಿಜಾರು.

"ಅಪ್ಪಾ, ಬೋಟು!" ಎಂದಳು ದೊಡ್ಡವಳು. ಬೆಳಗಿನಿಂದ ಅವಳು ಆಡಿದ ಎರಡನೆಯ ಮಾತು ಅದು.

"ಈಗಿನ್ನೂ ಹನ್ನೆರಡು ಗಂಟೆ. ಒಂದು ಗಂಟೆ ಕೆಲಸ. ಬೋಟಿಗೆ ಹೋಗೇ ಹೋಗ್ತೀವಿ."

ಒಂದು ಗಂಟೆ ಕೆಲಸ ಎಂದರೆ ಎಷ್ಟು ಹೊತ್ತೆಂದು ಹೆಂಡತಿಗೆ ಗೊತ್ತಿತ್ತು. ಮೈಯೆಲ್ಲ ಉರಿದುಹೋಯಿತು. ವರ್ಷಕ್ಕೊಂದು ದಿನ ಹೊರಗೆ ಬಂದರೆ ಅಲ್ಲೂ ಕಲ್ಲೇ! ಬಯ್ಯಬೇಕೆಂದು ಬಾಯಿ ತೆರೆದಳು. ಆದರೆ ಬಯ್ಯಲು ಹೊರಟವಳಿಗೆ ತನ್ನದೇ ಮೇಜು ನೆನಪಾಯಿತು. ಹೋದ ತಿಂಗಳು ಅರವತ್ತು ಕಾಲರಿಗೆ ಒಳಗಿನ ಗಟ್ಟಿಬಟ್ಟೆ ಒಂದು ನೂಲಿನಷ್ಟು ಓರೆಯಾಗಿ ಕೂತಿತ್ತು. "ಹೊರಗೆ ಕಾಣಲ್ಲ, ಕಳಿಸಿಬಿಡಿ," ಎಂದಿದ್ದ ಮೇಲ್ವಿಚಾರಕ. ಕಾಣುವುದಿಲ್ಲ ನಿಜ. ಆದರೆ ಯಾವುದೋ ಮಗುವಿನ ಕತ್ತಿಗೆ ದಿನವಿಡೀ ಚುಚ್ಚುತ್ತದಲ್ಲ! ಊಟದ ಬಿಡುವಿನಲ್ಲಿ ಕೂತು ಅರವತ್ತನ್ನೂ ಬಿಚ್ಚಿ ಹೊಲಿದಿದ್ದಳು. ಅಂಥವಳು ಈಗ ಯಾವ ಬಾಯಿಂದ ಬೇಡವೆನ್ನುವುದು?

"ಕೈಯಲ್ಲಿ ಏನಿದೆ ನಿಮ್ಮ ಹತ್ರ? ಬ್ರೆಡ್ಡಿಗೆ ಬೆಣ್ಣೆ ಹಚ್ಚೋ ಚಾಕು ಇದೆ, ಕೊಡ್ಲಾ?" ಎಂದಳಷ್ಟೇ.

ಅವನ ಮುಖ ಅರಳಿತು. ಒಪ್ಪಿದ್ದಾಳೆಂದು ತಿಳಿಯಿತು. "ಕೆಳಗೆ ಎರಡನೇ ತಿರುವಿನಲ್ಲಿ ದಾರಿ ಕಾಯೋ ಅಜ್ಜನ ಕೋಣೆ ಇದೆಯಲ್ಲ, ಅಲ್ಲಿ ಹಾರೆ, ಸುತ್ತಿಗೆ ಇಟ್ಟಿರ್ತಾರೆ. ನಾನು ಹೋಗಿ..."

"ನಾನು ಹೋಗ್ತೀನಿ," ಎಂದಳು ದೊಡ್ಡವಳು. "ನೀನು ಅಷ್ಟರಲ್ಲಿ ಮಣ್ಣು ಬಿಡಿಸು. ಬೇಗ ಆಗುತ್ತಲ್ಲ." ಎದ್ದವಳೇ ಜಿಂಕೆಯಂತೆ ಇಳಿದು ಹೋದಳು.

ಇಳಿದಷ್ಟು ಸುಲಭವಾಗಿ ಹತ್ತಿ ಬರಲಿಲ್ಲ. ಹೆಗಲ ಮೇಲೆ ತನ್ನಷ್ಟೇ ಎತ್ತರದ ಕಬ್ಬಿಣದ ಹಾರೆ, ಕೈಯಲ್ಲಿ ಸುತ್ತಿಗೆ, ಮುಖ ಕೆಂಪು ಟೊಮ್ಯಾಟೊ. ಹಾರೆಯನ್ನು ದಡಕ್ಕನೆ ಹುಲ್ಲಿನ ಮೇಲೆ ಕೆಡವಿ, "ಇದನ್ನ ದಿನಾ ಹೊತ್ಕೊಂಡು ಹತ್ತುತ್ತಿದ್ಯಾ ನೀನು?" ಎಂದು ಅಪ್ಪನನ್ನು ಕೇಳಿದಳು.

"ಎರಡು," ಎಂದ ಅವನು, ಕಲ್ಲಿನ ಸುತ್ತ ಚಾಕುವಿನಿಂದ ಮಣ್ಣು ಕೆದಕುತ್ತ. ನಿಜಕ್ಕೂ ಬೆಣ್ಣೆಯ ಚಾಕುವೇ.

ದೊಡ್ಡವಳು ಜಾಕೆಟ್ ಬಿಚ್ಚಿಟ್ಟು ತೋಳು ಮಡಚಿದಳು.

ಆಮೇಲೆ ನಡೆದದ್ದು ಊಟವಲ್ಲ. ಅಡ್ಡ ಕಾಲುವೆಯ ಜಲ್ಲಿಯನ್ನು ತಾಯಿಮಗಳು ಕೈಯಿಂದಲೇ ಬಾಚಿ ತೆಗೆದರು. ಪಟಪಟಿಗೆ ಟೋಪಿಯ ತುಂಬ ಚಕ್ಕೆ ಕಲ್ಲು ಆರಿಸಿ ತರುವ ಕೆಲಸ. "ನಿನ್ನ ಮುಷ್ಟಿಗಿಂತ ಚಿಕ್ಕದು, ಮೂಲೆ ಇರೋದು ತಾ. ಉರುಟು ಬೇಡ, ಉರುಟು ಕಲ್ಲು ಉರುಳಿಹೋಗುತ್ತೆ," ಎಂದಿದ್ದ ಅಪ್ಪ. ಅವಳು ತಂದು ಸುರಿದದ್ದರಲ್ಲಿ ಅರ್ಧಕ್ಕರ್ಧ ಉರುಟೇ, ಯಾಕೆಂದರೆ ಅವು ಚೆನ್ನಾಗಿದ್ದವು. ಅತ್ತೆ ಬಂಡೆಗೆ ಒರಗಿ ಕೂತು, ಮಡಿಲಲ್ಲಿ ಕಲ್ಲು ಹರವಿಕೊಂಡು ಬೇರ್ಪಡಿಸಿದರು.

"ಜೀವಮಾನವೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿ ಕಣ್ಣು ಹೋಯ್ತು. ಈಗ ಕಲ್ಲಲ್ಲಿ ಕಲ್ಲು ಆರಿಸು ಅಂತಾನೆ ಮಗರಾಯ," ಎಂದು ಗೊಣಗಿದರು. ಆದರೆ ಬೆರಳುಗಳು ಎಷ್ಟು ಚುರುಕಾಗಿ ಓಡುತ್ತಿದ್ದವೆಂದರೆ, ಗೊಣಗಾಟ ಬರೀ ತಾಳಕ್ಕೆ ಎಂದು ಯಾರಿಗಾದರೂ ತಿಳಿಯುವಂತಿತ್ತು.

ಕಲ್ಲನ್ನು ಮುಂದಕ್ಕೆ ಬಾಗಿಸಿ ಎತ್ತಿ ಹಿಡಿಯಬೇಕಿತ್ತು. ಗಂಡ ಹಾರೆಯನ್ನು ಸಂದಿಗೆ ತೂರಿಸಿ, "ಬಾ, ನನ್ನ ಜೊತೆ ಇದರ ಮೇಲೆ ಭಾರ ಹಾಕು. ತೋಳಿಂದ ಅಲ್ಲ, ಮೈಯಿಂದ," ಎಂದು ಅವಳನ್ನು ಕರೆದ. ಅವಳು ಹಾರೆಯ ತುದಿಗೆ ಜೋತುಬಿದ್ದಳು. ಕಲ್ಲು ಜಪ್ಪಯ್ಯ ಅನ್ನಲಿಲ್ಲ.

"ಹಾಗಲ್ಲ. ಒಬ್ಬೊಬ್ಬರು ಒಂದೊಂದು ಸಲ ಉಸಿರು ಬಿಟ್ರೆ ಕಲ್ಲಿಗೆ ನಗು ಬರುತ್ತೆ," ಎಂದರು ಅತ್ತೆ. ಕೋಲೂರಿ ಎದ್ದು ನಿಂತರು. ಇದ್ದಕ್ಕಿದ್ದಂತೆ ಅವರ ದನಿ ಬದಲಾಗಿತ್ತು. ಗಣಿಯ ಸದ್ದಿನ ಮೇಲೆ ಕೇಳಿಸಬೇಕಾದ ದನಿ ಅದು. "ನಾನು ಹೇಳ್ದಾಗ ಒಟ್ಟಿಗೆ. ಉಸಿರು ತಗೊಳ್ಳಿ. ಹಿಡಿರಿ. ಈಗ!"

ಕಲ್ಲು ಎದ್ದಿತು. ಮೂರು ಬೆರಳು ಎದ್ದಿತು, ಆರು ಬೆರಳು ಎದ್ದಿತು. ದೊಡ್ಡವಳು ಅಡಿಗೊಂದು ಬೆಣೆ ಕಲ್ಲು ತಳ್ಳಿದಳು. ಎದ್ದ ಕಲ್ಲಿನ ಅಡಿಯಿಂದ ತಣ್ಣನೆಯ ಮಣ್ಣಿನ ವಾಸನೆ ಬಂತು. ಹೆಂಡತಿಗೆ ಆಗಲೇ ಕಂಡದ್ದು, ಎಷ್ಟು ದೊಡ್ಡದಿತ್ತು ಆ ಕಲ್ಲು! ಐದು ತಿಂಗಳು ಊಟದ ತಟ್ಟೆಯ ಮುಂದೆ ಅವನು ಹೇಳಿದ್ದೆಲ್ಲ ಬಡಾಯಿಯಲ್ಲ, ಕಡಿಮೆಯೇ ಹೇಳಿದ್ದ.

ಅಷ್ಟರಲ್ಲಿ ಕೆಳಗಿನಿಂದ ನಾಲ್ಕು ಜನ ಹತ್ತಿ ಬಂದರು. ಮುಂದಿದ್ದವರು ಅಗಲ ಟೋಪಿಯ, ಎರಡೂ ಕೈಯಲ್ಲಿ ನಡಿಗೆಯ ಕೋಲು ಹಿಡಿದ ಹಿರಿಯರು. ಅಧಿಕಾರ ಮಾಡಿ ಅಭ್ಯಾಸವಿದ್ದ ಮುಖ. ಕಿತ್ತು ನಿಂತ ಮೆಟ್ಟಿಲನ್ನೂ ಅದರ ಸುತ್ತ ಮಣ್ಣು ಮೆತ್ತಿಕೊಂಡು ನಿಂತ ಸಂಸಾರವನ್ನೂ ನೋಡಿ ಹುಬ್ಬೇರಿಸಿದರು.

"ಏನ್ರೀ ಇದು? ಹಾಡಹಗಲೇ ದಾರಿ ಕಿತ್ತು ಹಾಕ್ತಿದ್ದೀರಲ್ಲ! ಕಲ್ಲು ಹೊತ್ಕೊಂಡು ಹೋಗೋಕಾ?"

ಗಂಡ ಹಾರೆ ಬಿಟ್ಟು ಎದ್ದು ನಿಂತ. ಟನ್ನುಗಟ್ಟಲೆ ಕಲ್ಲಿಗೆ ಹೆದರದ ಆ ಮನುಷ್ಯ ಟೋಪಿಗೆ ಹೆದರುತ್ತಿದ್ದ. "ಅದು... ಸ್ವಲ್ಪ ಅಲ್ಲಾಡ್ತಿತ್ತು ಸಾರ್," ಎಂದ ಸಣ್ಣ ದನಿಯಲ್ಲಿ.

"ಅಲ್ಲಾಡಿದ್ರೆ ಅದಕ್ಕೆ ಸಂಬಂಧಪಟ್ಟೋರು ಇದ್ದಾರೆ. ಕೈ ಹಾಕೋಕೆ ನಿಮಗೆ ಯಾರು ಅಧಿಕಾರ ಕೊಟ್ರು? ಇರಿ, ಒಂದು ಫೋಟೋ ತೆಗೆದು ಕಚೇರಿಗೆ ಕಳಿಸ್ತೀನಿ." ಜೇಬಿನಿಂದ ಫೋನು ಹೊರಬಂತು.

ಅವಳು ಮುಂಗೈಯಿಂದ ಹಣೆಯ ಬೆವರು ಒರೆಸಿಕೊಂಡಳು. ಒರೆಸಿದ ಕಡೆ ಮಣ್ಣು ಬಳಿಯಿತು. ಎರಡು ಮೆಟ್ಟಿಲು ಇಳಿದು ಅವರ ಎದುರಿಗೆ ನಿಂತಳು.

"ಕೆಳಗಿಂದ ಇಲ್ಲಿವರೆಗೆ ಎಷ್ಟು ಮೆಟ್ಟಿಲು ಹತ್ತಿ ಬಂದ್ರಿ ಸಾರ್?"

"ಎಷ್ಟೋ. ಯಾರು ಎಣಿಸ್ತಾರೆ?"

"ಇನ್ನೂರ ಆರು," ಎಂದಳು ಪಟಪಟಿ, ಟೋಪಿಯ ತುಂಬ ಕಲ್ಲು ಹಿಡಿದು.

"ಅದರಲ್ಲಿ ಒಂದಾದ್ರೂ ಅಲ್ಲಾಡ್ತಾ?"

ಹಿರಿಯರು ಯೋಚಿಸಿದರು. "ಇಲ್ಲ," ಎಂದರು.

"ಅವನ್ನ ಕೂರಿಸಿದೋರು ಇವರು. ಇವರೂ ಇವರ ಜೊತೆಗಾರರು ಐದು ಜನರೂ. ಐದು ತಿಂಗಳು ಈ ಬೆಟ್ಟದ ಮೇಲೆ ಮಲಗಿ ಎದ್ದಿದಾರೆ. ಇವತ್ತು ರಜೆ. ತಾನು ಮಾಡಿದ ಕೆಲಸ ಹೆಂಡ್ತಿ ಮಕ್ಕಳಿಗೆ ತೋರಿಸೋಣ ಅಂತ ಕರ್ಕೊಂಡು ಬಂದ್ರು. ಮುನ್ನೂರ ಹನ್ನೆರಡರಲ್ಲಿ ಒಂದು ಅಲ್ಲಾಡ್ತು. ನೋಡಿದೋರು ನಾವೇ, ಬಾಯಿ ಮುಚ್ಕೊಂಡು ಹೋಗಿದ್ರೆ ಕೇಳೋರಿರಲಿಲ್ಲ. ನಿಮ್ಮಂಥೋರು ಇಳೀವಾಗ ಬೀಳ್ಬಾರ್ದು ಅಂತ ಊಟ ಬಿಟ್ಟು ಕೂತಿದಾರೆ. ಫೋಟೋ ತೆಗೀತೀರಾ? ತೆಗೀರಿ. ಇವರ ಮುಖ ಚೆನ್ನಾಗಿ ಬರೋ ಹಾಗೆ ತೆಗೀರಿ."

ಹಿಂದಿದ್ದವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಹಿರಿಯರು ಫೋನನ್ನು ಒಮ್ಮೆ ನೋಡಿ ಜೇಬಿಗಿಳಿಸಿದರು. "ಹೇಗಿದ್ರೂ ಕಚೇರಿಗೆ ಒಂದು ಮಾತು ತಿಳಿಸಬೇಕಿತ್ತು," ಎಂದು ಸೋಲೊಪ್ಪದೆ ಗೊಣಗಿ, ಕಲ್ಲನ್ನು ಬಳಸಿಕೊಂಡು ಜೋಪಾನವಾಗಿ ಮೇಲೆ ಹತ್ತಿದರು. ಹೋಗುವಾಗ ಒಂದೊಂದೇ ಮೆಟ್ಟಿಲನ್ನು ನೋಡಿ ನೋಡಿ ಕಾಲಿಡುತ್ತಿದ್ದರು.

ಅವಳು ಹಾರೆಯ ಕಡೆ ಹೊರಟಳು. ತಿರುಗಿ ನೋಡಿದರೆ ಗಂಡ, ಅತ್ತೆ, ಮಕ್ಕಳು ಎಲ್ಲ ಅವಳನ್ನೇ ನೋಡುತ್ತ ನಿಂತಿದ್ದರು.

"ಏನು ನೋಡ್ತಿದ್ದೀರಿ? ಕೆಲಸ ಇಲ್ವಾ?" ಎಂದಳು.

"ಅಮ್ಮ," ಎಂದಳು ದೊಡ್ಡವಳು, "ನೀನು ಹಾಗೆ ಮಾತಾಡಿದ್ದು ನಾನು ನೋಡೇ ಇರಲಿಲ್ಲ."

ಗಂಡ ಮತ್ತೆ ಹಾರೆಗೆ ಕೈ ಹಾಕಿದ. ಅವನ ಬೆನ್ನು ಮೊದಲಿಗಿಂತ ನೆಟ್ಟಗಿತ್ತು. ಹಿಂಬದಿಯ ಪೊಳ್ಳಿಗೆ ಚಕ್ಕೆಗಳನ್ನು ಒಂದೊಂದಾಗಿ ಇಟ್ಟು, ಸುತ್ತಿಗೆಯಿಂದ ಬಡಿದು, ಮೇಲೆ ಸಣ್ಣ ಜಲ್ಲಿ ಸುರಿದು, ಮತ್ತೆ ಬಡಿದ. ಅತ್ತೆ ಒಂದೊಂದೇ ಕಲ್ಲು ಎತ್ತಿ ಕೊಡುತ್ತಿದ್ದರು. ಅವನು ಕೈ ಚಾಚುವ ಮೊದಲೇ ಬೇಕಾದ ಅಳತೆಯದು ಆ ಅಂಗೈಗೆ ಬಂದು ಬೀಳುತ್ತಿತ್ತು. ತಾಯಿಮಗ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.

ಕಲ್ಲನ್ನು ಇಳಿಸುವಾಗ ಆದದ್ದು ಅನಾಹುತ. ಬೆಣೆ ತೆಗೆಯುತ್ತಿದ್ದ ದೊಡ್ಡವಳ ಎಡಗೈಯ ನಡುಬೆರಳು ಬೆಣೆಗೂ ಕಲ್ಲಿಗೂ ನಡುವೆ ಸಿಕ್ಕಿತು. ಹುಡುಗಿ ಕಿರುಚಲಿಲ್ಲ. "ಎತ್ತಿ," ಎಂದಳು, ಅಷ್ಟೇ. ತಂದೆತಾಯಿ ಇಬ್ಬರೂ ಒಂದೇ ಉಸಿರಿಗೆ ಹಾರೆಗೆ ಮೈಯೆಲ್ಲ ಕೊಟ್ಟರು. ಬೆರಳು ಹೊರಬಂತು. ಉಗುರಿನ ಅಡಿ ಆಗಲೇ ನೀಲಿಗಟ್ಟುತ್ತಿತ್ತು. ಅಪ್ಪ ಹಾರೆ ಬಿಟ್ಟು ಓಡಿಬರಲು ಹೊರಟರೆ, ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ತಲೆಯಾಡಿಸಿದಳು.

"ಬಿಡಬೇಡ! ಮೊದಲು ಕಲ್ಲು ಇಳಿಸು," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡೇ.

ಕಲ್ಲು ಇಳಿಯಿತು. ಕೆಳಗಿನ ಮೆಟ್ಟಿಲಿನ ಬೆನ್ನನ್ನು ಕಚ್ಚಿ ಕೂತಿತು. ತಾಯಿ ಮಗಳ ಬೆರಳಿಗೆ ಬಾಟಲಿಯ ತಣ್ಣೀರು ಸುರಿದು, ಮಡಚಿಸಿ ಬಿಡಿಸಿ, ಮೂಳೆಗೆ ಏನೂ ಆಗಿಲ್ಲವೆಂದು ನೋಡಿಕೊಂಡಳು. ಪಟಪಟಿ ಮೆಟ್ಟಿಲಿನ ನಾಲ್ಕೂ ಮೂಲೆಗೆ ಕುಪ್ಪಳಿಸಿದಳು. ಸದ್ದಿಲ್ಲ. ಆಮೇಲೆ ಅತ್ತೆ ಬಂದರು. ಕೋಲಿನಿಂದ ಕಲ್ಲಿನ ನಡುವಿಗೆ ಒಂದು, ತುದಿಗೆ ಒಂದು ಕುಟ್ಟಿ, ಕಿವಿ ಓರೆ ಮಾಡಿ ಕೇಳಿದರು.

"ಹೂಂ. ಈಗ ಬಾಯಿ ಮುಚ್ಕೊಂಡಿದೆ," ಎಂದರು.

ಮಗ ಕಾದು ನಿಂತಿದ್ದ. ಅವರಿಗೂ ಅದು ಗೊತ್ತಿತ್ತು.

"ನಿಮ್ಮಪ್ಪ ಆಗಿದ್ರೆ ಮೊದಲನೇ ಸಲಾನೇ ಸರಿಯಾಗಿ ಕೂರಿಸ್ತಿದ್ರು," ಎಂದರು ಅತ್ತೆ. ಕೋಲಿನ ತುದಿಯ ಮಣ್ಣು ಒರೆಸಿ, "ಆದ್ರೆ ತಪ್ಪಾಗಿದ್ರೆ ನಂದೇ ಅಂತ ನಾಲ್ಕು ಜನರ ಮುಂದೆ ಹೇಳ್ತಿರಲಿಲ್ಲ. ಆ ಎದೆ ಅವರಿಗಿರಲಿಲ್ಲ. ಅದು ನಿನಗೆ ಬಂದಿದೆ," ಎಂದರು. ಹೇಳಿದ್ದು ಜಾಸ್ತಿಯಾಯಿತೇನೋ ಎಂಬಂತೆ, "ಮೊಟ್ಟೆ ಕೊಡೇ, ಹಸಿವಾಗ್ತಿದೆ," ಎಂದು ಸೊಸೆಯ ಕಡೆ ತಿರುಗಿಬಿಟ್ಟರು.

ಮಗ ಪಕ್ಕಕ್ಕೆ ಹೋಗಿ, ಬೇಕಿಲ್ಲದಿದ್ದರೂ ಕಾಲುವೆಯ ಜಲ್ಲಿಯನ್ನು ಇನ್ನೊಮ್ಮೆ ಬಾಚಿದ. ಅವನ ಭುಜ ಅಲುಗುತ್ತಿತ್ತು. ಅವಳು ನೋಡಿಯೂ ನೋಡದವಳಂತೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ಕೂತಳು. ಚಾಕುವಿಗೆ ಮೆತ್ತಿದ್ದ ಮಣ್ಣನ್ನು ಮೊದಲು ಹುಲ್ಲಿಗೆ ಒರೆಸಿದಳು.

ಊಟ ಮುಗಿಸಿ ಬೆಟ್ಟದ ನೆತ್ತಿ ತಲುಪುವ ಹೊತ್ತಿಗೆ ಮೂರೂ ಕಾಲು. ಆಚೆ ದಡದಿಂದ ಬಿಳಿಯ ಬೋಟು ಹೊರಟು, ನೀರಿನ ಮೇಲೆ ಎರಡು ಗೆರೆ ಎಳೆಯುತ್ತ ಸಾಗುತ್ತಿತ್ತು. ದೊಡ್ಡವಳು ಬೆರಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬೋಟನ್ನೇ ನೋಡಿದಳು.

"ಏನಿಲ್ಲ ಬಿಡಿ," ಎಂದಳು ಕೊನೆಗೆ. "ಇಲ್ಲಿಂದ ನೋಡೋಕೇ ಚೆನ್ನಾಗಿದೆ."

ಬೋಟು ತಪ್ಪಿತ್ತು, ಹಾರೆಯನ್ನೂ ಮರಳಿಸಬೇಕಿತ್ತು, ಹಾಗಾಗಿ ಬಂದ ದಾರಿಯಲ್ಲೇ ಇಳಿದರು. ಬಂಡೆಯ ತಿರುವಿನಲ್ಲಿ ಅವರ ಮುಂದೆ ಒಬ್ಬ ಹೆಂಗಸು, ಬೆನ್ನಿಗೆ ಮಗು ಕಟ್ಟಿಕೊಂಡು, ಪಕ್ಕದವಳ ಜೊತೆ ಏನೋ ಹೇಳಿ ನಗುತ್ತ ಇಳಿಯುತ್ತಿದ್ದಳು. ಇನ್ನೂರ ಏಳರ ಮೇಲೆ ಪೂರ್ತಿ ಭಾರ ಹಾಕಿ ಹೆಜ್ಜೆಯಿಟ್ಟಳು, ಅದೇ ಮಾತಿನಲ್ಲಿ, ಅದೇ ನಗುವಿನಲ್ಲಿ ಇನ್ನೂರ ಆರಕ್ಕೆ ಇಳಿದಳು. ಗಂಡ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅವಳು ಕೆಳಗೆ ನೋಡ್ಲೇ ಇಲ್ಲ," ಎಂದು ಪಿಸುಗುಟ್ಟಿದ.

"ನೋಡೋದ್ಯಾಕೆ? ನೋಡೋಕೆ ಏನಿದೆ ಅಲ್ಲಿ?" ಎಂದಳು ಅವಳು. ಇಬ್ಬರಿಗೂ ನಗು ಬಂತು.

ದಾರಿ ಕಾಯುವ ಅಜ್ಜ ಬಾಗಿಲಲ್ಲೇ ಕೂತಿದ್ದ. ಹಾರೆ, ಸುತ್ತಿಗೆ ತಗೊಂಡು ತನ್ನ ಪುಸ್ತಕ ತೆರೆದ. "ಇನ್ನೂರ ಏಳು ದುರಸ್ತಿ, ಅಡ್ಡ ಕಾಲುವೆ ಸ್ವಚ್ಛ. ಸರಿ. ಯಾವ ತಂಡ ಅಂತ ಬರೀಲಿ?"

ಗಂಡ ತಲೆ ಕೆರೆದುಕೊಂಡ. ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿ, "ಐದು ಜನ. ಮೇಸ್ತ್ರಿ ನಾನು. ಹಾಗೇ ಬರಿಯಪ್ಪ," ಎಂದರು. ಅಜ್ಜ ನಗುತ್ತಲೇ ಹಾಗೆಯೇ ಬರೆದ.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಪಟಪಟಿ ಅಜ್ಜಿಯ ಮಡಿಲಿನಲ್ಲಿ ತಲೆಯಿಟ್ಟು, ಬೆಳಗಿನಿಂದ ಮೊದಲ ಬಾರಿಗೆ ಬಾಯಿ ಮುಚ್ಚಿ ಮಲಗಿದ್ದಳು. ದೊಡ್ಡವಳ ಉಗುರು ಪೂರ್ತಿ ಕಪ್ಪಾಗಿತ್ತು. ತಾಯಿ ಚೀಲದಿಂದ ಕರವಸ್ತ್ರ ತೆಗೆದು, "ತಾ, ಸುತ್ತಿಕೊಡ್ತೀನಿ. ನಾಳೆ ಶಾಲೆಯಲ್ಲಿ ಎಲ್ಲರೂ ನೋಡ್ತಾರೆ," ಎಂದಳು.

"ಬೇಡಮ್ಮ. ಕಾಣ್ಲಿ."

ಎದುರು ಸೀಟಿನ ಮುದುಕಿ ಬಗ್ಗಿ ನೋಡಿ, "ಅಯ್ಯೋ, ಬೆರಳಿಗೆ ಏನಾಯ್ತಮ್ಮ?" ಎಂದು ಕೇಳಿದಳು.

"ಏನಿಲ್ಲ ಅಜ್ಜಿ," ಎಂದಳು ದೊಡ್ಡವಳು, ದಿನವೂ ಮಾಡುವ ಕೆಲಸವೊಂದರ ಬಗ್ಗೆ ಹೇಳುವಂತೆ. "ಬೆಟ್ಟದ ಮೇಲೆ ಮೆಟ್ಟಿಲು ಕೂರಿಸ್ತಿದ್ವಿ. ನಮ್ಮಪ್ಪ, ನಾವೆಲ್ಲ."

ತಾಯಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಹೊರಗೆ ಸರೋವರ ಹಿಂದೆ ಸರಿಯುತ್ತಿತ್ತು. ಗಾಜಿನಲ್ಲಿ ಹಣೆಗೆ ಮಣ್ಣು ಬಳಿದುಕೊಂಡ ಒಬ್ಬ ಹೆಂಗಸು, ನಗು ತಡೆಯಲಾರದೆ, ಅವಳನ್ನೇ ನೋಡುತ್ತಿದ್ದಳು.